ದೊಡ್ಡಕ್ಕ ಆಡದ ಮಾತು

ನಮ್ಮ ಕಚೇರಿಯಲ್ಲಿ ಇಂಟರ್ನ್‌ಗಳಿಗೆ ಹೆಸರಿರುವುದಿಲ್ಲ. ವರ್ಷಕ್ಕೆ ಏಳೆಂಟು ಮಂದಿ ಬರುತ್ತಾರೆ, ನಲವತ್ತೈದು ದಿನ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುತ್ತಾರೆ, ಸರ್ಟಿಫಿಕೇಟ್ ಹಿಡಿದುಕೊಂಡು ಹೋಗುತ್ತಾರೆ. ಹೆಸರು ಬಾಯಿಗೆ ಕೂರುವಷ್ಟರಲ್ಲಿ ಆಸಾಮಿಯೇ ಇರುವುದಿಲ್ಲ. ಹಾಗಾಗಿ ಹುಡುಗನಾದರೆ ‘ಹೊಸ ಹುಡುಗ’, ಹುಡುಗಿಯಾದರೆ ‘ಹೊಸ ಹುಡುಗಿ’. ಈ ಪದ್ಧತಿ ಶುರುಮಾಡಿದವಳು ನಾನೇ. ಮುಂಬಾಗಿಲಿನ ಮೇಜಿನ ಹಿಂದೆ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಫೋನ್ ಎತ್ತುವುದು, ಬಂದವರನ್ನು ಕೂರಿಸುವುದು, ಸರ್ಟಿಫಿಕೇಟ್ ಟೈಪ್ ಮಾಡಿ ಕಂಪನಿ ನಡೆಸುವ ಮೇಡಂ ಮುಂದೆ ಸಹಿಗಿಡುವುದು ನನ್ನ ಕೆಲಸ.

ನಮ್ಮದು ಬೇರೆಯವರ ಸಂಭ್ರಮ ನಡೆಸಿಕೊಡುವ ಕಂಪನಿ. ಯಾರೋ ಹೊಸ ಆಸ್ಪತ್ರೆ ತೆರೆಯುತ್ತಾರೆ, ಯಾವುದೋ ಕಾರ್ಖಾನೆಗೆ ಐವತ್ತು ತುಂಬುತ್ತದೆ. ಸಭಾಂಗಣ ಗೊತ್ತುಮಾಡಿ, ವೇದಿಕೆ ಕಟ್ಟಿಸಿ, ಪತ್ರಕರ್ತರನ್ನು ಕರೆಸಿ, ಮರುದಿನ ಪತ್ರಿಕೆಯಲ್ಲಿ ಸುದ್ದಿ ಬರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನದು. ಇದನ್ನೇ ಕಾಲೇಜಿನಲ್ಲಿ ಸಾರ್ವಜನಿಕ ಸಂಪರ್ಕ ಎಂದು ಮೂರು ವರ್ಷ ಪಾಠ ಮಾಡುತ್ತಾರಂತೆ. ಮೂರು ವರ್ಷ ಕಲಿಯುವಂಥದ್ದು ಇದರಲ್ಲಿ ಏನಿದೆಯೋ ನನಗಂತೂ ಗೊತ್ತಿಲ್ಲ.

ಆ ಹೊಸ ಹುಡುಗಿ ಬಂದದ್ದು ಎರಡನೆಯ ಸಲದ ಇಂಟರ್ನ್‌ಶಿಪ್ ಮಾಡಲು. ಹಿಂದಿನ ವರ್ಷ ಇನ್ನೊಂದು ಕಂಪನಿಯಲ್ಲಿ ಮೂವತ್ತೆಂಟು ದಿನ ಮುಗಿಸಿದ್ದಾಗ ಅವಳ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಆಸ್ಪತ್ರೆಯಲ್ಲಿ ಕೂತ ದಿನಗಳನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮೂವತ್ತೆಂಟೂ ನೀರಿನಲ್ಲಿ ಹೋಯಿತು. ಅವಳ ಕಾಲೇಜಿನ ನಿಯಮ ಕಲ್ಲಿನಂಥದ್ದು. ನಲವತ್ತೈದು ದಿನ, ಕಂಪನಿಯ ಲೆಟರ್‌ಹೆಡ್, ಮುಖ್ಯಸ್ಥರ ಸಹಿ, ಮೊಹರು. ಅದಿಲ್ಲದೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಎರಡು ಸಲ ತಪ್ಪಿದರೆ ಮೂರನೆಯ ಅವಕಾಶವೇ ಇಲ್ಲ, ಮೂರು ವರ್ಷದ ಓದು ಅಲ್ಲಿಗೇ ಮುಗಿದಂತೆ. ಇಷ್ಟನ್ನೂ ಅವಳು ಮೊದಲ ದಿನವೇ ನನ್ನ ಮೇಜಿನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿ, “ಆಂಟಿ, ಒಂದು ದಿನಾನೂ ರಜೆ ಹಾಕಲ್ಲ” ಎಂದಳು. ಆಂಟಿ ಎನ್ನಬೇಡ, ಅಕ್ಕ ಎನ್ನು ಎಂದು ತಿದ್ದಿದೆ. ಮೂರು ದಿನ ಅಕ್ಕ ಎಂದವಳು ನಾಲ್ಕನೆಯ ದಿನ ಮತ್ತೆ ಆಂಟಿಗೇ ಬಂದಳು. ನನ್ನ ಮುಖ ನೋಡಿದರೆ ಸುಳ್ಳು ಬಾಯಿಗೆ ಬರುವುದಿಲ್ಲವಂತೆ! ಆಮೇಲೆ ನಾನೂ ಆ ಆಸೆ ಕೈಬಿಟ್ಟೆ.

ಅವಳ ಮನೆಗೆ ಒಮ್ಮೆ ಹೋಗಿದ್ದೆ. ಬ್ಯಾಡ್ಜ್‌ಗಳ ಪೆಟ್ಟಿಗೆಯನ್ನು ಮರೆತು ಮನೆಗೇ ಒಯ್ದಿದ್ದಳು, ತರಲು ಹೋಗಿದ್ದು. ಎರಡು ಕೋಣೆ. ಮುಂದಿನದರಲ್ಲಿ ಕಿಟಕಿಗೆ ಮುಖಮಾಡಿ ಅವಳ ಅಪ್ಪ ಕೂತಿದ್ದರು. ಅವರ ಕಾಲ ಬುಡದಲ್ಲೇ ಅವಳ ಅಮ್ಮ ಹೊಲಿಗೆ ಅಂಗಡಿಯಿಂದ ತಂದ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಅವಳ ತಮ್ಮ ಕಬ್ಬಿಣದ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಲೆಕ್ಕ ಬಿಡಿಸುತ್ತಿದ್ದ. ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ಕಚೇರಿಯ ದಿನಗಳಿಗೆಲ್ಲ ಅಡ್ಡಗೀಟು ಹಾಕಿತ್ತು. ಗೀಟು ಹಾಕುವುದು ಅಪ್ಪನ ಕೆಲಸ, ಎಡಗೈಯಿಂದ ಹಾಕುತ್ತಿದ್ದರು. ನನ್ನನ್ನು ನೋಡಿದ್ದೇ ಅವರು ತೊದಲುತ್ತ ಕೇಳಿದ್ದು ಒಂದೇ ಪ್ರಶ್ನೆ, ಮೇಡಂ ಸಹಿ ಹಾಕುತ್ತಾರಲ್ಲವೇ ಎಂದು. ಹಾಕದೆ ಏನು, ನಾನಿಲ್ಲವೇ ಎಂದು ದೊಡ್ಡ ಮಾತಾಡಿ ಬಂದೆ.

ಕೆಲಸವೆಂದರೆ ಆ ಹುಡುಗಿ ಬಿದ್ದು ಸಾಯುತ್ತಿದ್ದಳು. ಇಪ್ಪತ್ತೆರಡು ಪತ್ರಿಕೆಗಳ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ, “ಸರ್, ನಮ್ಮ ಮೇಲ್ ಬಂತಾ ಸರ್?” ಎಂದು ಕೇಳಬೇಕು. ಅರ್ಧ ಜನ ಬೈಯುತ್ತಾರೆ, ಉಳಿದರ್ಧ ಜನ ಎತ್ತುವುದೇ ಇಲ್ಲ. ಸಭಾಂಗಣದ ಕುರ್ಚಿಗಳ ಬೆನ್ನಿಗೆ ಗಣ್ಯರ ಹೆಸರಿನ ಚೀಟಿ ಅಂಟಿಸಬೇಕು. ಯಾರೋ ಗಣ್ಯರು ಇನ್ನೊಬ್ಬ ಗಣ್ಯರ ಪಕ್ಕ ಕೂರಲಾರೆ ಎಂದರೆ ಕಿತ್ತು ಬೇರೆ ಕಡೆ ಅಂಟಿಸಬೇಕು. ಮರುದಿನ ಬೆಳಿಗ್ಗೆ ಎಲ್ಲ ಪತ್ರಿಕೆ ಬಿಡಿಸಿ, ನಮ್ಮ ಸುದ್ದಿ ಬಂದಲ್ಲಿ ಕತ್ತರಿಸಿ, ಸ್ಕೇಲಿಟ್ಟು ಎಷ್ಟು ಸೆಂಟಿಮೀಟರ್ ಬಂದಿದೆ ಎಂದು ಅಳೆದು ಗ್ರಾಹಕರಿಗೆ ವರದಿ ಮಾಡಬೇಕು. ಬಟ್ಟೆ ಅಂಗಡಿಯವರೂ ಇಷ್ಟು ಅಳೆಯುವುದಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಆದರೆ ಅವಳಿಗೆ ಬರೆಯಲು ಬರುತ್ತಿತ್ತು. ಅದೇ ಅವಳಿಗೆ ಮುಳುವಾದದ್ದು. ನಮ್ಮ ಕೆಲಸದಲ್ಲಿ ಒಂದು ವಿಚಿತ್ರವಿದೆ, ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಸಂಜೆ ಆರಕ್ಕೆ ಕಾರ್ಯಕ್ರಮವಿದ್ದರೆ ಅದರ ಸುದ್ದಿಯನ್ನು ಮಧ್ಯಾಹ್ನ ಮೂರಕ್ಕೇ ಬರೆದು ಕಳಿಸಿರುತ್ತೇವೆ. ಪತ್ರಿಕೆಯ ಪುಟಗಳು ಬೇಗ ಕಟ್ಟಿ ಮುಗಿಯುತ್ತವೆ, ಕಾಯುವುದಿಲ್ಲ. ಹಾಗಾಗಿ ಇನ್ನೂ ಯಾರೂ ಬಾಯಿ ತೆರೆಯುವ ಮುಂಚೆಯೇ ‘ಎಂದು ಅಭಿಪ್ರಾಯಪಟ್ಟರು’, ‘ಎಂದು ಸ್ಮರಿಸಿದರು’, ‘ಎಂದು ಭಾವುಕರಾದರು’ ಎಂದೆಲ್ಲ ಬರೆದಾಗಿರುತ್ತದೆ. ಮಾತು ಬರೆಯುವವರೂ ನಾವೇ, ಕಣ್ಣೀರು ಬರಿಸುವವರೂ ನಾವೇ. ಹನ್ನೊಂದು ವರ್ಷದಲ್ಲಿ ಒಬ್ಬರಾದರೂ ಇದು ನನ್ನ ಮಾತಲ್ಲ ಎಂದು ಬಂದು ಜಗಳವಾಡಿದ್ದು ನಾನು ಕಂಡಿಲ್ಲ. ದೊಡ್ಡವರಿಗೆ ತಾವು ಏನು ಹೇಳಿದೆವೆಂಬುದು ನೆನಪಿರುವುದಿಲ್ಲವಲ್ಲ.

ಆ ಸಲದ ಗ್ರಾಹಕರು ಒಂದು ಬಿಸ್ಕತ್ತು ಕಾರ್ಖಾನೆಯವರು. ಐವತ್ತನೆಯ ವರ್ಷ. ವೇದಿಕೆಯ ಮೇಲೆ ಒಬ್ಬ ಹಳೆಯ ಕೆಲಸಗಾರ್ತಿಗೂ ಸನ್ಮಾನ ಮಾಡಿದರೆ ಪತ್ರಿಕೆಯವರಿಗೆ ಇಷ್ಟವಾಗುತ್ತದೆ ಎಂದು ಸಲಹೆ ಕೊಟ್ಟಿದ್ದು ನಮ್ಮ ಮೇಡಂ. ಆರಿಸಿದ್ದು ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳನ್ನು. ಮೂವತ್ತೊಂದು ವರ್ಷದ ಅನುಭವ, ಲೈನಿನ ಹೆಂಗಸರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಹೊಸ ಹುಡುಗಿ ಅವಳ ಎರಡು ಮಾತು ಕೇಳಿ ಬರೆದುಕೊಳ್ಳಬೇಕಿತ್ತು.

ಕಾರ್ಯಕ್ರಮ ಶುಕ್ರವಾರ. ಬುಧವಾರ ಮಧ್ಯಾಹ್ನ ದೊಡ್ಡಕ್ಕ ತಾನೇ ಫೋನ್ ಮಾಡಿದಳು. ಎತ್ತಿದ್ದು ನಾನು. ಒಳಗೆ ಹುಡುಗಿ ಒಂದು ಕಿವಿಗೆ ಒಂದು ಫೋನ್, ಇನ್ನೊಂದು ಕಿವಿಗೆ ಇನ್ನೊಂದು ಫೋನ್ ಹಿಡಿದು ಪತ್ರಿಕೆಗಳ ಜೊತೆ ಹೆಣಗುತ್ತಿದ್ದಳು. ಆಮೇಲೆ ಮಾಡುತ್ತೇನೆ ಎಂದು ಕೈಸನ್ನೆ ಮಾಡಿದಳು. ಅದನ್ನು ಹೇಳಿದರೆ ಆ ಹೆಂಗಸು, ನಮ್ಮ ಶಿಫ್ಟಿನಲ್ಲಿ ಆಮೇಲೆ ಅನ್ನುವುದು ಇಲ್ಲ, ನಿಮ್ಮ ಹತ್ತಿರವೇ ಹೇಳಿಬಿಡುತ್ತೇನೆ ಎಂದಳು. ಹಿಂದೆ ಯಂತ್ರದ ಸದ್ದು, ಕೂಗಿ ಮಾತಾಡುತ್ತಿದ್ದಳು.

“ನಮಗೆ ಕೂತ್ಕೊಳೋಕೆ ಒಂದು ಸ್ಟೂಲ್ ಬೇಕು ಅಮ್ಮಾ. ಎಂಟು ಗಂಟೆ ನಿಂತೇ ಇರ್ತೀವಿ, ಕಾಲು ಊದಿ ಚಪ್ಪಲಿ ಹಿಡಿಯಲ್ಲ. ಎಷ್ಟು ಸಲ ಬರ್ಕೊಟ್ಟಿದೀವೋ, ಯಾರೂ ಕಿವಿಗೇ ಹಾಕ್ಕೊಳಲ್ಲ. ಆವತ್ತು ದೊಡ್ಡ ಯಜಮಾನರು ಪಕ್ಕದಲ್ಲೇ ಇರ್ತಾರಲ್ಲ, ನಾನು ಮೈಕಲ್ಲಿ ಇದೊಂದೇ ಮಾತು ಹೇಳೋದು. ಲೈನಲ್ಲಿ ಎಲ್ರಿಗೂ ಮಾತು ಕೊಟ್ಟಿದೀನಿ. ನಿಮ್ಮ ಹುಡುಗಿಗೆ ಇದನ್ನೇ ಬರಿ ಅನ್ನಿ.”

ಊಟದ ಹೊತ್ತಿಗೆ ಹುಡುಗಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿಟ್ಟು ನೇರ ಮೇಡಂ ಬಳಿ ಹೋದಳು. ಮೇಡಂ ನಕ್ಕರು. ಗ್ರಾಹಕರ ಹಬ್ಬದಲ್ಲಿ ಗ್ರಾಹಕರ ಮಾನ ಕಳೆಯುವ ಮಾತು ನಾವೇ ಬರೆಯುವುದೇ ಎಂದು ಕೇಳಿದರು. ಮೈಕನ್ನು ಅವಳ ಕೈಗೆ ಕೊಡದಂತೆ ನೋಡಿಕೊಳ್ಳೋಣ, ಕಾಲಿನ ಮಾತು ಬೇಕೇ ಬೇಕೆಂದಿದ್ದರೆ ಅದನ್ನೇ ಚೆನ್ನಾಗಿ ತಿರುಗಿಸಿ ಬರಿ ಎಂದರು. ಹುಡುಗಿ ಹಿಂದಿರುಗಿ ಬಂದು ತುಂಬ ಹೊತ್ತು ಪರದೆ ನೋಡುತ್ತ ಕೂತಳು. ನಾಲ್ಕು ದಿನ ಉಳಿದಿತ್ತು ಅವಳ ಲೆಕ್ಕದಲ್ಲಿ, ಆ ಶುಕ್ರವಾರ ಕಳೆದರೆ. ತಿರುಗಿಸಿಯೇ ಬರೆದಳು.

‘ಸನ್ಮಾನ ಸ್ವೀಕರಿಸಿ ಮಾತನಾಡಿದ ಅವರು, ಮೂವತ್ತೊಂದು ವರ್ಷ ನಿಂತೇ ಕೆಲಸ ಮಾಡಿದರೂ ಒಂದು ದಿನವೂ ನನ್ನ ಕಾಲು ನೋಯಲಿಲ್ಲ, ಈ ಕಾರ್ಖಾನೆ ನನಗೆ ತವರುಮನೆ, ಇಲ್ಲಿ ನನಗೆ ಯಾವ ಕೊರತೆಯೂ ಆಗಿಲ್ಲ ಎಂದು ಭಾವುಕರಾದರು.’

ಓದಿ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು.

ಶುಕ್ರವಾರ ಮೂರು ಗಂಟೆಗೆ ಅದು ಇಪ್ಪತ್ತೆರಡು ಪತ್ರಿಕೆಗಳಿಗೂ ಹೋಯಿತು. ದೊಡ್ಡಕ್ಕ ಬೆಳಗಿನ ಶಿಫ್ಟ್ ಮುಗಿಸಿ ಮನೆಗೆ ಹೋಗಿದ್ದಳು. ನಾಲ್ಕು ಗಂಟೆಗೆ ಹೊಸ ಬಟ್ಟೆ ಉಟ್ಟು ತಲೆ ಬಾಚಿಕೊಳ್ಳುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಕರೆದೊಯ್ಯಲು ನಾಲ್ಕೂವರೆಗೆ ಹೋದ ಕಂಪನಿಯ ಡ್ರೈವರ್ ನೋಡಿದ್ದು ಬಾಗಿಲಲ್ಲಿ ನೆರೆದ ಜನವನ್ನು.

ಸುದ್ದಿ ಸಭಾಂಗಣಕ್ಕೆ ಬಂದಾಗ ಐದೂಕಾಲು. ನಾನು ಹೊರಗೆ ಅತಿಥಿಗಳ ಹೆಸರು ಬರೆಸಿಕೊಳ್ಳುತ್ತಿದ್ದೆ, ಹುಡುಗಿ ನನ್ನ ಪಕ್ಕದಲ್ಲಿ ಬ್ಯಾಡ್ಜ್ ಕೊಡುತ್ತಿದ್ದಳು. ಮೇಡಂ ಬಂದು ತಗ್ಗಿದ ದನಿಯಲ್ಲಿ, ಆ ಹೆಂಗಸು ತೀರಿಕೊಂಡಳಂತೆ, ಎಲ್ಲ ಪತ್ರಿಕೆಗಳಿಗೂ ಫೋನ್ ಮಾಡಿ ಆ ಭಾಗ ತೆಗೆಸು ಎಂದರು. ಹುಡುಗಿ ಸಭಾಂಗಣದ ಹಿಂದಿನ ಮೆಟ್ಟಿಲಲ್ಲಿ ಕೂತು ಒಂದಾದ ಮೇಲೊಂದು ಫೋನ್ ಮಾಡಿದಳು. ಮತ್ತೆ ಮತ್ತೆ ಮಾಡಿದ ಮೇಲೆ ಇಪ್ಪತ್ತೊಂದು ಕಡೆಯವರು ಎತ್ತಿದರು, ತೆಗೆಯುತ್ತೇವೆ ಎಂದರು. ಒಂದು ಪತ್ರಿಕೆಯವರು ಎತ್ತಲೇ ಇಲ್ಲ. ಮೇಲ್ ಹಾಕಿದಳು. ಒಳಗೆ ದೊಡ್ಡಕ್ಕನ ಚೀಟಿ ಅಂಟಿಸಿದ್ದ ಕುರ್ಚಿಯಲ್ಲಿ ಯಾರದೋ ಅಳಿಯ ಕೂತಿದ್ದ. ಕಾರ್ಯಕ್ರಮ ಸಾಂಗವಾಗಿ ನಡೆಯಿತು.

ಶನಿವಾರ ಬೆಳಿಗ್ಗೆ ಆ ಒಂದು ಪತ್ರಿಕೆಯಲ್ಲಿ ಅದು ಅಕ್ಷರವೂ ಬಿಡದಂತೆ ಬಂದಿತ್ತು. ನಾಲ್ಕು ಗಂಟೆಗೆ ಸತ್ತವಳು ಆರು ಗಂಟೆಗೆ ಭಾವುಕಳಾಗಿದ್ದಳು. ಹುಡುಗಿ ಅದನ್ನು ಕತ್ತರಿಸಿದಳು. ಕತ್ತರಿಸುವುದು ಅವಳ ಕೆಲಸ ತಾನೇ. ಸ್ಕೇಲಿಟ್ಟಳು, ಹದಿನೆಂಟು ಸೆಂಟಿಮೀಟರ್ ಎಂದು ಬರೆದಳು.

ಕಾರ್ಖಾನೆಯವರು ಸಿಟ್ಟಿನಿಂದ ಫೋನ್ ಮಾಡಿದಾಗ ಮೇಡಂ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿದ್ದರು. ಆ ಮಾತನ್ನು ನಮ್ಮ ಹುಡುಗಿ ಬುಧವಾರವೇ ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದಳು, ಮಾತು ಅವರದೇ, ವೇದಿಕೆಯ ಮೇಲೆ ಹೇಳಿದರು ಅಂತ ಬಂದಿದ್ದಷ್ಟೇ ಪತ್ರಿಕೆಯವರ ಎಡವಟ್ಟು ಎಂದರು. ಅಷ್ಟಕ್ಕೆ ಮುಗಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಕಾರ್ಖಾನೆಯವರಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಸೋಮವಾರ ಆ ಸಾಲುಗಳನ್ನು ದೊಡ್ಡದಾಗಿ ಮುದ್ರಿಸಿ, ದೊಡ್ಡಕ್ಕನ ಫೋಟೊ ಹಾಕಿ, ಮೇಲೆ ‘ಕೊನೆಯ ಮಾತು’ ಎಂದು ಬರೆಸಿ, ಗೇಟಿನ ಪಕ್ಕ ನಿಲ್ಲಿಸಿದರು. ಶಿಫ್ಟಿಗೆ ಹೋಗುವವರೆಲ್ಲ ಅದನ್ನು ಓದಿಕೊಂಡೇ ಒಳಗೆ ಹೋಗಬೇಕು.

ಇತ್ತ ಹುಡುಗಿಯ ಸರ್ಟಿಫಿಕೇಟನ್ನು ನಾನು ಟೈಪ್ ಮಾಡಿ ಮೇಡಂ ಮುಂದಿಟ್ಟಿದ್ದೆ. ಈ ಗಲಾಟೆ ತಣ್ಣಗಾಗಲಿ, ಆಮೇಲೆ ಸಹಿ ಎಂದರು. ಕಾಲೇಜಿಗೆ ಕೊಡಲು ಗುರುವಾರ ಕೊನೆಯ ದಿನ. ಹುಡುಗಿ ದಿನಕ್ಕೆ ಹತ್ತು ಸಲ ನನ್ನ ಮೇಜಿನ ಹತ್ತಿರ ಬಂದು, ಏನೂ ಕೇಳದೆ, ನನ್ನ ಮುಖ ನೋಡಿ ವಾಪಸ್ ಹೋಗುತ್ತಿದ್ದಳು. ಅಪ್ಪ ಕ್ಯಾಲೆಂಡರಿಗೆ ಗೀಟು ಹಾಕುತ್ತಲೇ ಇದ್ದರಂತೆ.

ಬುಧವಾರ, ಅವಳ ನಲವತ್ತೈದನೆಯ ದಿನ, ಹನ್ನೊಂದು ಗಂಟೆಗೆ ದೊಡ್ಡಕ್ಕನ ಮಗಳು ಬಂದಳು. ಮೂವತ್ತರ ಆಸುಪಾಸು. ಅದೇ ಕಾರ್ಖಾನೆಯ ಅದೇ ಲೈನಿನಲ್ಲಿ ಕೆಲಸ. ಕೈಯಲ್ಲಿ ಆ ಪತ್ರಿಕೆಯ ತುಂಡು. ಜಗಳಕ್ಕೆ ಬಂದವರನ್ನು ನಾನು ಕಾಲಿಟ್ಟ ರೀತಿಯಲ್ಲೇ ಗುರುತಿಸಬಲ್ಲೆ. ಇವಳು ಜಗಳಕ್ಕೆ ಬಂದವಳಲ್ಲ. ಕೂರಿ ಎಂದರೆ ಕುರ್ಚಿಯ ಅಂಚಿನಲ್ಲಿ ಕೂತಳು, ನೀರು ಕೊಟ್ಟರೆ ಕುಡಿದಳು, ನಿಮಗೆ ತೊಂದರೆ ಕೊಟ್ಟೆ ಎಂದಳು. ಮೇಡಂ ಅವಳನ್ನು ಮೀಟಿಂಗ್ ಕೋಣೆಗೆ ಕರೆಸಿಕೊಂಡರು, ಹುಡುಗಿಯನ್ನೂ ಕರೆದರು. ಆ ಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಕೆಳಗಿನ ಕಾರ್ಪೆಟ್ ಉಬ್ಬಿಕೊಂಡು ತಡೆಯುತ್ತದೆ. ನನ್ನ ಮೇಜಿನಿಂದ ಎಲ್ಲವೂ ಕೇಳಿಸುತ್ತಿತ್ತು, ಕಾಣಿಸುತ್ತಲೂ ಇತ್ತು. ಮೇಡಂ ಮುಂದೆ ಸರ್ಟಿಫಿಕೇಟ್ ಇತ್ತು. ಅದನ್ನು ಅಲ್ಲಿಗೆ ತಂದಿಟ್ಟುಕೊಂಡದ್ದು ಅಕಸ್ಮಾತ್ತೆಂದು ನಾನು ನಂಬುವುದಿಲ್ಲ.

ಮಗಳು ಹೇಳಿದ್ದಿಷ್ಟು. ಲೈನಿನ ಹೆಂಗಸರು ಅಮ್ಮನನ್ನು ಕೊನೆಯ ಸಲ ನೋಡಲು ಬಂದಿದ್ದರು, ಅತ್ತಿದ್ದರು. ಸೋಮವಾರ ಗೇಟಿನ ಬೋರ್ಡ್ ನೋಡಿದ ಮೇಲೆ ಒಬ್ಬರೂ ತನ್ನ ಜೊತೆ ಮಾತಾಡುತ್ತಿಲ್ಲ. ನಮ್ಮೆಲ್ಲರ ಪರವಾಗಿ ಸ್ಟೂಲ್ ಕೇಳುತ್ತೇನೆ ಎಂದು ಮಾತು ಕೊಟ್ಟು, ಹಿಂದಿನಿಂದ ಕಾಲೇ ನೋಯುವುದಿಲ್ಲ ಎಂದು ಬರೆಸಿದಳಲ್ಲ, ಮೂವತ್ತೊಂದು ವರ್ಷ ಇಂಥವಳನ್ನು ನಂಬಿದೆವಲ್ಲ ಎನ್ನುತ್ತಿದ್ದಾರೆ. ಇವಳು ಮೂರು ದಿನದಿಂದ ಒಬ್ಬೊಬ್ಬರ ಜೊತೆಯೂ ಗುದ್ದಾಡಿದ್ದಾಳೆ, ನಮ್ಮಮ್ಮ ಅಂಥವಳಲ್ಲ ಎಂದು. ಅವಳಿಗೆ ಬೇಕಾಗಿದ್ದದ್ದು ಪರಿಹಾರವಲ್ಲ, ಕ್ಷಮಾಪಣೆಯೂ ಅಲ್ಲ. ಅಮ್ಮ ಹಾಗೆ ಹೇಳಲಿಲ್ಲ ಎಂದು ಒಂದು ಸಾಲು. ಕೊಟ್ಟರೆ ಹೋಗಿ ತೋರಿಸುತ್ತಾಳೆ.

ಮೇಡಂ ಬೇಸರ ತೋರಿಸಿದರು, ಆ ಕಲೆ ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ, “ನಿಮ್ಮ ತಾಯಿ ಹತ್ರ ಮಾತಾಡಿದ್ದು ಇವಳೇ. ಇವಳನ್ನೇ ಕೇಳಿ” ಎಂದು ಪೆನ್ನಿನ ಮುಚ್ಚಳ ತೆಗೆದರು.

ಮಗಳು ಹುಡುಗಿಯ ಕಡೆ ತಿರುಗಿದಳು. “ಅಮ್ಮ ಹೀಗಂದ್ರಾ? ನನಗೇನೂ ಕೋಪ ಇಲ್ಲ ಕಣಮ್ಮಾ. ನಿಜ ಏನು ಅಂತ ಹೇಳು ಸಾಕು.”

ಹುಡುಗಿ ಪೆನ್ನು ನೋಡಿದಳು. ನನಗೆ ಅವಳ ಮನೆಯ ಕಿಟಕಿ ಕಣ್ಣಮುಂದೆ ಬಂತು, ಅವಳಿಗೆ ಏನು ಬಂತೋ. “ಹೌದು ಅಕ್ಕ” ಎಂದಳು. “ಅಂದ್ರು.”

ಮಗಳು ಪತ್ರಿಕೆಯ ತುಂಡನ್ನು ಮಡಚಿದಳು. “ಹಾಗಾದ್ರೆ ಲೈನಲ್ಲಿ ಎಲ್ರ ಹತ್ರಾನೂ ಹೋಗಿ ತಪ್ಪಾಯ್ತು ಅಂತ ಕೇಳ್ಬೇಕು ನಾನು” ಎಂದು ಎದ್ದಳು. ಅಮ್ಮನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮೇಡಂ ಸಹಿ ಹಾಕಿ, ಮೊಹರು ಒತ್ತಿ, ಕಾಗದವನ್ನು ಹುಡುಗಿಯ ಕಡೆ ಸರಿಸಿದರು.

ಮಗಳು ಹೊರಗೆ ಬಂದು ನನ್ನ ಮೇಜಿನ ಮೇಲಿನ ಪುಸ್ತಕದಲ್ಲಿ ಹೋಗುವ ಸಮಯ ಬರೆಯಲು ಬಗ್ಗಿದಳು. ಬರೆಯುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು.

“ಆವತ್ತು ಅಮ್ಮ ಲೈನಿಂದ ಫೋನ್ ಮಾಡ್ದಾಗ ನಾನು ಇನ್ನೊಂದು ತುದೀಲಿ ನಿಂತು ನೋಡ್ತಿದ್ದೆ. ಸದ್ದಲ್ಲಿ ಮಾತು ಕೇಳಿಸ್ಲಿಲ್ಲ. ಫಸ್ಟು ಎತ್ತಿದ್ದು ನೀವೇ ಅಲ್ವಾ? ನಿಮ್ಮ ಹತ್ರ ಏನಾದ್ರೂ ಅಂದ್ರಾ?”

ಆಗಲೇ ಹುಡುಗಿ ಮೀಟಿಂಗ್ ಕೋಣೆಯಿಂದ ಓಡಿಬಂದಳು. ಕೈ ಖಾಲಿ ಇತ್ತು. ಸಹಿಯಾದ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಬಂದಿದ್ದಳು. “ಅಕ್ಕ, ಅದು...” ಎನ್ನುವಷ್ಟು ಬಾಯಿ ತೆರೆದಿತ್ತು. ಅವಳು ಏನು ಹೇಳಲು ಬಂದಳೆಂದು ನನಗೆ ತಿಳಿಯದೆ ಇರಲಿಲ್ಲ. ಹಿಂದೆ ಬಾಗಿಲಲ್ಲಿ ಮೇಡಂ ನಿಂತಿದ್ದರು, ಹುಡುಗಿಯನ್ನಲ್ಲ, ನನ್ನನ್ನೇ ನೋಡುತ್ತಿದ್ದರು.

“ಇಲ್ಲಮ್ಮ” ಎಂದೆ. “ನಾನು ಬರೀ ಕನೆಕ್ಟ್ ಮಾಡ್ದೆ. ಈ ಹುಡುಗಿ ಹತ್ರಾನೇ ಮಾತಾಡಿದ್ದು.”

ಮಗಳು ತಲೆಯಾಡಿಸಿದಳು. ಹನ್ನೊಂದು ಗಂಟೆ ನಲವತ್ತು ನಿಮಿಷ ಎಂದು ಬರೆದು, ನೀರು ಕೊಟ್ಟಿದ್ದಕ್ಕೆ ನನಗೆ ಇನ್ನೊಮ್ಮೆ ಉಪಕಾರ ಹೇಳಿ, ಮೆಟ್ಟಿಲಿಳಿದು ಹೋದಳು.

ಹುಡುಗಿ ನನ್ನ ಮೇಜಿನ ಮುಂದೆ ನಿಂತೇ ಇದ್ದಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಒಳಗೆ ಹೋಗಿ ಕಾಗದ ತೆಗೆದುಕೊಂಡಳು, ಮಡಿಕೆ ಬೀಳದಂತೆ ಫೈಲಿನಲ್ಲಿಟ್ಟಳು, ಎಲ್ಲರಿಗೂ ಹೇಳಿ ಹೊರಟಳು. ಬಾಗಿಲಲ್ಲಿ, “ಬರ್ತೀನಿ ಆಂಟಿ” ಎಂದಳು. ಗುರುವಾರ ಕಾಲೇಜಿಗೆ ಕೊಟ್ಟಳಂತೆ, ಪರೀಕ್ಷೆಗೆ ಕೂತಳಂತೆ, ಪಾಸಾದಳಂತೆ. ಅವಳ ಅಮ್ಮ ಫೋನ್ ಮಾಡಿ, ನಿಮ್ಮ ಉಪಕಾರ ಜನ್ಮದಲ್ಲಿ ಮರೆಯುವುದಿಲ್ಲ ಎಂದು ಅತ್ತರು.

ಅವಳನ್ನು ಉಳಿಸಲೆಂದೇ ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಅವಳು ಬೇಡವೆಂದು ಕಾಗದ ಬಿಟ್ಟು ಬಂದಿದ್ದಳು. ಕುರ್ಚಿ ಹೋಗುತ್ತದೆಂದು ಹೆದರಿದವಳು ನಾನು, ಹನ್ನೊಂದು ವರ್ಷದಿಂದ ದಿನವಿಡೀ ಕೂತು ಕೆಲಸ ಮಾಡುವವಳು.